ಗೋಡೆಯೋ, ಮೈತ್ರಿಯೋ, ಬಾಹ್ಯ ಬೆಂಬಲವೋ? ಪಾಪ್ಯುಲಿಸ್ಟ್ ಪಕ್ಷ ಎದುರಾದಾಗ ಉಳಿದ ಪಕ್ಷಗಳಿಗಿರುವ ದಾರಿಗಳು

ಚಲಾವಣೆಯಾದ ಐದು ಮತದಲ್ಲಿ ಒಂದನ್ನು ಹೊಸ ಪಕ್ಷವೊಂದು ಬಾಚಿಕೊಂಡಿದೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಯಾರಿಗೂ ಸುಲಭವಾಗಿ ಬಹುಮತ ಸಿಗುವುದಿಲ್ಲ. ಸೇರಿಸಿಕೊಂಡರೆ ಸ್ವಂತ ಕಾರ್ಯಕರ್ತರೇ ಸಿಟ್ಟಾಗುತ್ತಾರೆ. ಈಗ ಏನು ಮಾಡುವುದು? ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಯುರೋಪಿನ ಒಂದೊಂದೇ ದೇಶಕ್ಕೆ ಈ ಪ್ರಶ್ನೆ ಬಂದಿದೆ. ಕೇಳುವವರು ನಾಯಕರಷ್ಟೇ ಅಲ್ಲ. ರಾಜಕೀಯಶಾಸ್ತ್ರ ಓದುವವರು ಕೇಳುತ್ತಾರೆ. ತಾನು ಮತ ಹಾಕಿದ ಪಕ್ಷ ಫಲಿತಾಂಶ ಬಂದ ಮೇಲೆ ಬೇರೆ ಯಾರದೋ ಜೊತೆ ಕೈಜೋಡಿಸಿದ್ದನ್ನು ನೋಡಿ ಗೊಂದಲಕ್ಕೆ ಬಿದ್ದ ಮತದಾರರೂ ಕೇಳುತ್ತಾರೆ. 'ದೂರ ಇಡಬೇಕಿತ್ತು' ಎನ್ನುವವರಿಗೂ 'ಒಳಗೆ ಕರೆದು ಹೊಣೆ ಹೊರಿಸಬೇಕಿತ್ತು' ಎನ್ನುವವರಿಗೂ ತಮ್ಮದೇ ಉದಾಹರಣೆಗಳಿವೆ. ಹಾಗಾಗಿ ಎಲ್ಲ ದಾರಿಗಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದು ನೋಡೋಣ.

ಜನಪ್ರಿಯ ಘೋಷಣೆ, ಉಚಿತ ಕೊಡುಗೆ ಎನ್ನುವ ಅರ್ಥದಲ್ಲಿ ನಾನಿಲ್ಲಿ ಪಾಪ್ಯುಲಿಸಂ ಎನ್ನುತ್ತಿಲ್ಲ. 'ಜನ ಒಳ್ಳೆಯವರು, ಮೇಲೆ ಕೂತವರು ಕೆಟ್ಟವರು, ಜನರ ನಿಜವಾದ ದನಿ ನಾವೊಬ್ಬರೇ' ಎನ್ನುವ ರಾಜಕಾರಣಕ್ಕೆ ಆ ಹೆಸರು. ಇದು ಬಲಪಂಥದಲ್ಲೂ ಇದೆ, ಎಡಪಂಥದಲ್ಲೂ ಇದೆ. ಮೈತ್ರಿಯನ್ನು ಕಷ್ಟ ಮಾಡುವುದು 'ನಾವೊಬ್ಬರೇ' ಎನ್ನುವ ಆ ಮಾತು. ಮೈತ್ರಿ ಅಂದರೆ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಜನರ ದನಿ ನಾವೊಬ್ಬರೇ ಎಂದವರು ಬಿಟ್ಟುಕೊಟ್ಟ ಪ್ರತಿಯೊಂದು ಅಂಶವೂ ಅವರ ಬೆಂಬಲಿಗರಿಗೆ ದ್ರೋಹದಂತೆ ಕಾಣುತ್ತದೆ.

ಮತದಾರರು ಎಲ್ಲಿಂದ ಎಲ್ಲಿಗೆ ಹೋದರು

ಹಿಂದೆ ಮತದಾರರ ಜಾಗ ಹೆಚ್ಚುಕಡಿಮೆ ಗೊತ್ತಿರುತ್ತಿತ್ತು. ಕಾರ್ಮಿಕರು ಎಡಕ್ಕೆ, ಮಾಲೀಕರು ಬಲಕ್ಕೆ, ಚರ್ಚಿಗೆ ಹೋಗುವವರು ಕ್ರಿಶ್ಚಿಯನ್ ಡೆಮೊಕ್ರಾಟರ ಕಡೆಗೆ. 1967ರಲ್ಲಿ ಸೆಮೂರ್ ಮಾರ್ಟಿನ್ ಲಿಪ್‌ಸೆಟ್ ಮತ್ತು ಸ್ಟೈನ್ ರೊಕ್ಕಾನ್ ಎಂಬ ವಿದ್ವಾಂಸರು, 1960ರ ದಶಕದ ಪಕ್ಷಗಳ ಚಿತ್ರ 1920ರ ದಶಕದ ಬಿರುಕುಗಳನ್ನೇ ಇನ್ನೂ ತೋರಿಸುತ್ತಿದೆ ಎಂದು ಬರೆದಿದ್ದರು. ನಲವತ್ತು ವರ್ಷ ಕದಲದೆ ನಿಂತ ಚಿತ್ರ ಅದು.

ಈಗ ಅದು ಕದಲಿದೆ. ಇಂಗ್ಲೆಂಡಿನ ಬೋಲ್ಸೋವರ್ ಕಲ್ಲಿದ್ದಲು ಗಣಿಯ ಊರು. 1950ರಲ್ಲಿ ಆ ಕ್ಷೇತ್ರ ಹುಟ್ಟಿದಾಗಿನಿಂದ ಲೇಬರ್ ಪಕ್ಷಕ್ಕೇ ಗೆಲುವು. 2019ರಲ್ಲಿ ಅದು ಕನ್ಸರ್ವೇಟಿವ್ ಪಕ್ಷದ ಪಾಲಾಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ಕೂಡ ಗಣಿ ಕಾರ್ಮಿಕರ ರಾಜ್ಯ. 1996ರಲ್ಲಿ ಬಿಲ್ ಕ್ಲಿಂಟನ್ ಗೆದ್ದಿದ್ದ ಈ ರಾಜ್ಯದಲ್ಲಿ ಟ್ರಂಪ್ 2016ರಲ್ಲಿ 40ಕ್ಕೂ ಜಾಸ್ತಿ ಶೇಕಡಾವಾರು ಅಂಕಗಳ ಅಂತರದಿಂದ ಗೆದ್ದರು. ಅದೇ ವರ್ಷ ಸಿರಿವಂತರು, ಓದಿದವರು ಹೆಚ್ಚಿರುವ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಡೆಮೊಕ್ರಾಟರ ಕಡೆ ವಾಲಿತು. 1936ರ ನಂತರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಹಾಗಾಗಿದ್ದು ಅದೇ ಮೊದಲು. ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿಯಲ್ಲಿ ಬಹುತೇಕ ಎಲ್ಲರೂ ಹಿಸ್ಪಾನಿಕ್ ಮೂಲದವರು. 2024ರಲ್ಲಿ ಅಲ್ಲಿ ಟ್ರಂಪ್ ಗೆದ್ದರು. 1892ರ ನಂತರ ರಿಪಬ್ಲಿಕನ್ ಅಭ್ಯರ್ಥಿಯೊಬ್ಬರು ಅಲ್ಲಿ ಗೆದ್ದಿರಲೇ ಇಲ್ಲ. ಉತ್ತರ ಫ್ರಾನ್ಸಿನ ಎನಾ-ಬೋಮಾ ಎಂಬ ಹಳೆಯ ಗಣಿ ಪಟ್ಟಣದಲ್ಲಿ ದಶಕಗಳ ಕಾಲ ಎಡಪಕ್ಷಗಳ ಆಡಳಿತವಿತ್ತು. 2014ರಿಂದ ಅಲ್ಲಿ ತೀವ್ರ ಬಲಪಂಥದ ನಾಯಕಿ ಮರೀನ್ ಲ ಪೆನ್ ಅವರ ಪಕ್ಷದ ಮೇಯರ್ ಇದ್ದಾರೆ.

ಸಂಬಳಕ್ಕಿಂತ ಓದು, ಊರು, ವಲಸೆಯ ಬಗೆಗಿನ ಅಭಿಪ್ರಾಯಗಳು ಮತವನ್ನು ಜಾಸ್ತಿ ನಿರ್ಧರಿಸುತ್ತಿವೆ. ಹಾಗಂತ ಹೊಟ್ಟೆಪಾಡು ಹಿಂದೆ ಸರಿದಿಲ್ಲ. ಗ್ರೀಸಿನ ಮಧ್ಯ-ಎಡ ಪಕ್ಷವಾದ ಪಾಸೋಕ್ 2009ರಲ್ಲಿ ಶೇ 43.9ರಷ್ಟು ಮತ ಪಡೆದಿತ್ತು. ಸಾಲದ ಬಿಕ್ಕಟ್ಟು, ಸಂಬಳ ಮತ್ತು ಪಿಂಚಣಿ ಕಡಿತದ ನಂತರ 2015ರ ಜನವರಿಯಲ್ಲಿ ಅದು ಶೇ 4.7ಕ್ಕೆ ಇಳಿಯಿತು. ಆ ಚುನಾವಣೆ ಗೆದ್ದ ಎಡಪಂಥೀಯ ಸಿರಿಜಾ ಪಕ್ಷ ಮರುದಿನವೇ ಸರ್ಕಾರ ರಚಿಸಿತು. ಜೊತೆಗಾರ ಯಾರು? ಬಲಪಂಥೀಯ ರಾಷ್ಟ್ರವಾದಿ ಪಕ್ಷವಾದ ಇಂಡಿಪೆಂಡೆಂಟ್ ಗ್ರೀಕ್ಸ್. ಎಡ-ಬಲದ ಹಳೆಯ ಗೆರೆ ಅಳಿಸಿಹೋಗಿ, ಸಾಲದ ಷರತ್ತು ಒಪ್ಪುವವರು ಮತ್ತು ಒಪ್ಪದವರು ಎನ್ನುವ ಹೊಸ ಗೆರೆ ಬಿದ್ದಿತ್ತು.

ಇಲ್ಲಿಂದ ಮುಂದಕ್ಕೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಪಾಪ್ಯುಲಿಸ್ಟ್ ಪಕ್ಷ ಬೇರೆ, ಅದಕ್ಕೆ ಮತ ಹಾಕಿದ ಜನ ಬೇರೆ. ಪಕ್ಷದೊಂದಿಗೆ ಏನು ಮಾಡಬೇಕು ಎನ್ನುವುದು ಒಂದು ಪ್ರಶ್ನೆ. ಆ ಜನರಿಗೆ ಏನು ಹೇಳಬೇಕು ಎನ್ನುವುದು ಇನ್ನೊಂದು. ಒಂದಕ್ಕೆ ಉತ್ತರ ಕೊಟ್ಟು ಎರಡೂ ಮುಗಿಯಿತು ಅಂದುಕೊಂಡ ಪಕ್ಷಗಳೇ ಜಾಸ್ತಿ ಪೆಟ್ಟು ತಿಂದಿವೆ. ಈ ವಿಷಯವನ್ನು ವರ್ಷಗಳಿಂದ ಗಮನಿಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇದು.

ಯಾವುದರಿಂದ ಅಳೆಯುವುದು

ಮೊದಲನೆಯದು ಎರಡೂ ಕಡೆಯ ಲೆಕ್ಕ. ಈ ದಾರಿ ಹಿಡಿದರೆ ಯಾವ ಮತ ವಾಪಸ್ ಬರುತ್ತದೆ ಎಂದಷ್ಟೇ ನೋಡಿದರೆ ಸಾಲದು, ಇನ್ನೊಂದು ಬಾಗಿಲಿಂದ ಯಾರು ಹೊರಗೆ ಹೋಗುತ್ತಾರೆ ಎಂದೂ ನೋಡಬೇಕು. ಎರಡನೆಯದು, ಮುಚ್ಚಿಕೊಳ್ಳುವ ಬಾಗಿಲುಗಳು. ಒಬ್ಬರ ಜೊತೆ ಕೈಜೋಡಿಸಿದ ಕಾರಣಕ್ಕೆ ಇನ್ನು ಯಾರು ಯಾರು ನಿಮ್ಮ ಜೊತೆ ಬರುವುದಿಲ್ಲ? ಮೂರನೆಯದು, ತಪ್ಪಾದರೆ ಹಿಂದೆ ಸರಿಯಲು ಆಗುತ್ತದಾ ಎನ್ನುವುದು. ಸರ್ಕಾರ ಬಿದ್ದರೆ ಮತ್ತೆ ಕಟ್ಟಬಹುದು. ನ್ಯಾಯಾಲಯ, ಪೊಲೀಸ್, ಚುನಾವಣಾ ನಿಯಮ ಒಮ್ಮೆ ಕೈತಪ್ಪಿದರೆ ಮರಳಿ ಪಡೆಯುವುದು ತುಂಬಾ ಕಷ್ಟ. ಕೊನೆಯದು ಸಮಯ. ಕೆಲವು ದಾರಿಗಳು ಒಂದೇ ವಾರದಲ್ಲಿ ಫಲ ಕೊಡುತ್ತವೆ, ಕೆಲವಕ್ಕೆ ಎರಡು ಚುನಾವಣೆ ಬೇಕು. ರಾಜಕೀಯದಲ್ಲಿ ಬಜೆಟ್ ಅಂದರೆ ಇದೇ. ನಿಮ್ಮ ಹತ್ತಿರ ಎಷ್ಟು ವರ್ಷ ಇದೆ, ಎಷ್ಟು ಕ್ಷೇತ್ರ ಕಳೆದುಕೊಳ್ಳುವ ಶಕ್ತಿ ಇದೆ?

ಗೋಡೆ ಕಟ್ಟುವುದು

ಯಾವ ಮಟ್ಟದಲ್ಲೂ ಸಹಕಾರ ಇಲ್ಲ ಎಂದು ಉಳಿದೆಲ್ಲ ಪಕ್ಷಗಳು ಒಪ್ಪಂದ ಮಾಡಿಕೊಳ್ಳುವುದು ಈ ದಾರಿ. ಇದರ ಹಳೆಯ ಉದಾಹರಣೆ ಬೆಲ್ಜಿಯಂ. ಅಲ್ಲಿನ ಫ್ಲೆಮಿಶ್ ಭಾಗದ ವ್ಲಾಮ್ಸ್ ಬ್ಲಾಕ್ ಎಂಬ ತೀವ್ರ ಬಲಪಂಥೀಯ ಪಕ್ಷವನ್ನು ಮೂರು ದಶಕಗಳಿಂದ ರಾಷ್ಟ್ರ ಮತ್ತು ಪ್ರಾಂತ್ಯ ಮಟ್ಟದ ಸರ್ಕಾರಗಳಿಂದ ಹೊರಗೆ ಇಡಲಾಗಿದೆ. 2004ರಲ್ಲಿ ನ್ಯಾಯಾಲಯ ಜನಾಂಗೀಯ ದ್ವೇಷದ ಪ್ರಕರಣದಲ್ಲಿ ಅದರ ಅಂಗಸಂಸ್ಥೆಗಳನ್ನು ತಪ್ಪಿತಸ್ಥ ಎಂದಿತು. ಪಕ್ಷ ಹೆಸರು ಬದಲಿಸಿಕೊಂಡು ವ್ಲಾಮ್ಸ್ ಬೆಲಾಂಗ್ ಆಯಿತು. ಗೋಡೆ ಹಾಗೇ ಇತ್ತು, ಆದರೆ ಗೋಡೆಯ ಆಚೆಗಿನ ಮತ ಮಾತ್ರ ವಿಪರೀತ ಏರಿಳಿಯಿತು. ಫ್ಲೆಮಿಶ್ ಸಂಸತ್ತಿನ ಚುನಾವಣೆಯಲ್ಲಿ 2004ರಲ್ಲಿ ಸುಮಾರು ಶೇ 24, 2014ರಲ್ಲಿ ಶೇ 6ರ ಹತ್ತಿರ, 2019ರಲ್ಲಿ ಮತ್ತೆ ಶೇ 18.5.

ಈ ಏರಿಳಿತ ಗೋಡೆಯಿಂದ ಆದದ್ದಲ್ಲ. 2014ರ ಹೊತ್ತಿಗೆ ಎನ್-ವಿಎ ಎಂಬ ಇನ್ನೊಂದು ಫ್ಲೆಮಿಶ್ ರಾಷ್ಟ್ರವಾದಿ ಪಕ್ಷ ದೊಡ್ಡದಾಗಿ ಬೆಳೆದಿತ್ತು. ಆ ಮತದಾರರಿಗೆ ಹೋಗಲು ಒಂದು ಜಾಗ ಸಿಕ್ಕಿತು. ಸರ್ಕಾರ ನಡೆಸಬಲ್ಲ ಪಕ್ಷ, ಆದರೆ ತಮ್ಮ ಭಾಷೆ, ತಮ್ಮ ನಾಡಿನ ಮಾತನ್ನೂ ಆಡುವ ಪಕ್ಷ. ಎನ್-ವಿಎ ಅಧಿಕಾರದಲ್ಲಿ ಕೂತು, 2018ರ ಕೊನೆಗೆ ವಲಸೆಯ ವಿಷಯಕ್ಕೇ ಸರ್ಕಾರದಿಂದ ಹೊರಬಂದಾಗ ಅದೇ ಜನ ಮತ್ತೆ ಹಳೆಯ ಜಾಗಕ್ಕೆ ಮರಳಿದರು. ಗೋಡೆಯ ಪಕ್ಕದಲ್ಲಿ ಇನ್ನೊಂದು ಬಾಗಿಲು ಇದ್ದಾಗ ಗೋಡೆ ಕೆಲಸ ಮಾಡಿದೆ. ಬಾಗಿಲು ಮುಚ್ಚಿದಾಗ ಬರೀ ಗೋಡೆ ಉಳಿದಿದೆ.

ಜರ್ಮನಿಯಲ್ಲಿ ಗೋಡೆಯ ಬೆಲೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2020ರ ಫೆಬ್ರವರಿಯಲ್ಲಿ ಥುರಿಂಗಿಯಾ ರಾಜ್ಯದಲ್ಲಿ ಸಣ್ಣ ಪಕ್ಷದ ಥಾಮಸ್ ಕೆಮ್ಮರಿಚ್ ಅವರು ಎಎಫ್‌ಡಿ ಎಂಬ ತೀವ್ರ ಬಲಪಂಥೀಯ ಪಕ್ಷದ ಮತಗಳ ಬಲದಿಂದ ಮುಖ್ಯಮಂತ್ರಿಯಾದರು. ದೇಶವೇ ತಿರುಗಿಬಿದ್ದು, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಗೋಡೆ ಗಟ್ಟಿಯಾಗಿತ್ತು. ಆದರೆ 2024ರಲ್ಲಿ ಅದೇ ಥುರಿಂಗಿಯಾದಲ್ಲಿ ಎಎಫ್‌ಡಿ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ರಾಷ್ಟ್ರಮಟ್ಟದಲ್ಲೂ 2021ರಲ್ಲಿ ಶೇ 10ರ ಆಸುಪಾಸಿನಲ್ಲಿದ್ದದ್ದು 2025ರಲ್ಲಿ ಶೇ 20.8ಕ್ಕೆ ಏರಿತು. ಗೋಡೆಯ ಈಚೆ ಉಳಿದವರೆಲ್ಲ ಒಟ್ಟಿಗೆ ಸೇರಿ ಸರ್ಕಾರ ಮಾಡಲೇಬೇಕು. ಎಡದವರೂ ಬಲದವರೂ ಒಂದೇ ಸಂಪುಟದಲ್ಲಿ ಕೂತಾಗ ಯಾರ ಕಾರ್ಯಕ್ರಮವೂ ಪೂರ್ತಿ ಜಾರಿಯಾಗುವುದಿಲ್ಲ. 'ನೋಡಿ, ಅವರೆಲ್ಲ ಒಂದೇ' ಎನ್ನುವ ಮಾತಿಗೆ ಆಗ ಪುರಾವೆ ಸಿಕ್ಕಂತಾಗುತ್ತದೆ.

ಹಿಂದೆ ಸರಿಯಲು ಆಗದಂಥ ಹಾನಿಯನ್ನು ತಡೆಯುವುದರಲ್ಲಿ ಮಾತ್ರ ಗೋಡೆಗೆ ಸಮ ಇನ್ನೊಂದಿಲ್ಲ. ಪೊಲೀಸ್, ಗೃಹ, ಕಾನೂನು ಖಾತೆಗಳು ಆ ಪಕ್ಷದ ಕೈಗೆ ಹೋಗುವುದಿಲ್ಲ. ಎದುರಿರುವ ಪಕ್ಷ ಬರೀ ಒರಟು ಮಾತಿನದೋ, ಇಲ್ಲ ಚುನಾವಣೆಯ ನಿಯಮಗಳನ್ನೇ ಒಪ್ಪದ ಪಕ್ಷವೋ ಎಂದು ಮೊದಲು ತೀರ್ಮಾನಿಸಿ. ಎರಡನೆಯದಾದರೆ ಗೋಡೆಯ ಬೆಲೆ ಎಷ್ಟೇ ಇರಲಿ, ಕೊಡಲೇಬೇಕು ಎಂದು ನನಗೆ ಅನಿಸುತ್ತದೆ.

ಅಧಿಕಾರ ಹಂಚಿಕೊಳ್ಳುವುದು

ಇದರ ವಾದ ಸರಳ. ಹೊರಗೆ ನಿಂತು ಕೂಗುವುದು ಸುಲಭ. ಒಳಗೆ ಬಂದು ಬಜೆಟ್ ಮಂಡಿಸಲಿ, ಆಗ ಬಣ್ಣ ಗೊತ್ತಾಗುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಆಸ್ಟ್ರಿಯಾ. 1999ರ ಚುನಾವಣೆಯಲ್ಲಿ ಯೋರ್ಗ್ ಹೈಡರ್ ಅವರ ತೀವ್ರ ಬಲಪಂಥೀಯ ಫ್ರೀಡಂ ಪಕ್ಷ ಶೇ 26.9 ಮತ ಪಡೆದು ಎರಡನೆಯದಾಯಿತು. ಕೇವಲ 415 ಮತಗಳ ಕೊರತೆಯಿಂದ ಮಧ್ಯ-ಬಲದ ಪೀಪಲ್ಸ್ ಪಕ್ಷ ಮೂರನೆಯದಾಯಿತು. ಮೂರನೇ ಸ್ಥಾನಕ್ಕೆ ಬಂದ ಪಕ್ಷದ ವೋಲ್ಫ್‌ಗಾಂಗ್ ಶೂಸೆಲ್ ಅವರೇ 2000ದ ಫೆಬ್ರವರಿಯಲ್ಲಿ ಫ್ರೀಡಂ ಪಕ್ಷದ ಜೊತೆ ಸೇರಿ ಚಾನ್ಸಲರ್ ಆದರು. ಯುರೋಪಿಯನ್ ಒಕ್ಕೂಟದ ಉಳಿದ 14 ದೇಶಗಳು ರಾಜತಾಂತ್ರಿಕ ನಿರ್ಬಂಧ ಹಾಕಿದವು, ಕೆಲವು ತಿಂಗಳಲ್ಲಿ ತೆಗೆದವು. ಅಧಿಕಾರದಲ್ಲಿ ಫ್ರೀಡಂ ಪಕ್ಷ ಒಳಜಗಳಕ್ಕೆ ಬಿದ್ದಿತು. 2002ರಲ್ಲಿ ಅದರ ಮತ ಶೇ 10ಕ್ಕೆ ಕುಸಿಯಿತು, ಶೂಸೆಲ್ ಅವರ ಪಕ್ಷ ಶೇ 42.3ಕ್ಕೆ ಏರಿತು. ಇಲ್ಲಿಗೆ ಕಥೆ ನಿಲ್ಲಿಸಿದರೆ ಮೈತ್ರಿಯೇ ಮದ್ದು ಎನ್ನಬಹುದು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2017ರಲ್ಲಿ ಅದೇ ಎರಡು ಪಕ್ಷ ಮತ್ತೆ ಸೇರಿದವು. 2019ರಲ್ಲಿ ಫ್ರೀಡಂ ಪಕ್ಷದ ನಾಯಕ ಬೆಂಬಲಕ್ಕೆ ಬದಲಾಗಿ ಸರ್ಕಾರಿ ಗುತ್ತಿಗೆಯ ಆಸೆ ತೋರಿಸಿದ ಇಬಿಜಾ ವಿಡಿಯೊ ಹಗರಣದಿಂದ ಸರ್ಕಾರ ಬಿತ್ತು. ಫ್ರೀಡಂ ಪಕ್ಷ ಶೇ 26ರಿಂದ ಶೇ 16ಕ್ಕೆ ಇಳಿಯಿತು. ಐದು ವರ್ಷ ಕಳೆದು 2024ರಲ್ಲಿ ಶೇ 28.8 ಮತದೊಂದಿಗೆ ಮೊದಲ ಬಾರಿಗೆ ದೇಶದ ಅತಿ ದೊಡ್ಡ ಪಕ್ಷವಾಯಿತು. ಮುಂದಿನ ವರ್ಷದ ಆರಂಭದಲ್ಲಿ ಅದರ ನಾಯಕ ಹರ್ಬರ್ಟ್ ಕಿಕ್ಲ್ ಅವರಿಗೆ ಸರ್ಕಾರ ರಚಿಸುವ ಅವಕಾಶ ಸಿಕ್ಕಿತು. ಖಾತೆಗಳ ಹಗ್ಗಜಗ್ಗಾಟದಲ್ಲಿ, ಮುಖ್ಯವಾಗಿ ಗೃಹ ಖಾತೆಯ ವಿಷಯಕ್ಕೆ, ಮಾತುಕತೆ ಮುರಿದುಬಿತ್ತು. ಕೊನೆಗೆ ಬೇರೆ ಮೂರು ಪಕ್ಷಗಳು ಸೇರಿ ಸರ್ಕಾರ ಮಾಡಿದವು.

ನೆದರ್ಲೆಂಡ್ಸ್‌ನ ಇತ್ತೀಚಿನ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. 2023ರಲ್ಲಿ ಗೀರ್ಟ್ ವಿಲ್ಡರ್ಸ್ ಅವರ ವಲಸೆ ವಿರೋಧಿ ಪಕ್ಷ ಪಿವಿವಿ 150ರಲ್ಲಿ 37 ಸ್ಥಾನ ಗೆದ್ದಿತು. 2024ರ ಜುಲೈಯಲ್ಲಿ ನಾಲ್ಕು ಪಕ್ಷಗಳ ಸರ್ಕಾರ ಬಂತು. 2025ರ ಜೂನ್‌ನಲ್ಲಿ ವಿಲ್ಡರ್ಸ್ ಅವರೇ ಅದನ್ನು ಬೀಳಿಸಿದರು. ಅಕ್ಟೋಬರ್ ಚುನಾವಣೆಯಲ್ಲಿ ಪಿವಿವಿ 26ಕ್ಕೆ ಇಳಿಯಿತು. 'ಸೋತಿತು' ಎಂದು ಹಲವರು ನಿಟ್ಟುಸಿರು ಬಿಟ್ಟರು. ಪಕ್ಕದ ಸಾಲುಗಳನ್ನೂ ನೋಡಿ. ಅದೇ ದಿಕ್ಕಿನ ಜೆಎ21 ಪಕ್ಷ 1ರಿಂದ 9ಕ್ಕೆ, ಫೋರಂ ಫಾರ್ ಡೆಮಾಕ್ರಸಿ 3ರಿಂದ 7ಕ್ಕೆ ಏರಿದ್ದವು. ಮೂರನ್ನೂ ಕೂಡಿದರೆ ಮೊದಲು 41, ಆ ಚುನಾವಣೆಯ ನಂತರ 42. ಪಕ್ಷ ಕುಗ್ಗಿತು, ಆ ಕಡೆಗಿನ ಮತ ಕುಗ್ಗಲಿಲ್ಲ. ನಿಜವಾಗಿ ನಜ್ಜುಗುಜ್ಜಾಗಿದ್ದು ಮೈತ್ರಿಗೆ ಹೋದ ಎನ್‌ಎಸ್‌ಸಿ ಎಂಬ ಮಧ್ಯಮ ಪಕ್ಷ. ಅದು 20 ಸ್ಥಾನಗಳಿಂದ ಸೊನ್ನೆಗೆ ಬಂತು.

ಇಟಲಿಯಲ್ಲೂ ಹೀಗೇ ಆಯಿತು. 2019ರ ಯುರೋಪಿಯನ್ ಚುನಾವಣೆಯಲ್ಲಿ ಮತ್ತೆಯೊ ಸಲ್ವಿನಿ ಅವರ ಬಲಪಂಥೀಯ ಪಕ್ಷ ಲೇಗಾ ಶೇ 34 ಮತ ಪಡೆದಿತ್ತು. 2021ರಲ್ಲಿ ಅದು ಮಾರಿಯೊ ದ್ರಾಗಿ ಅವರ ಸರ್ವಪಕ್ಷದಂಥ ಸರ್ಕಾರ ಸೇರಿತು. ಅದೇ ದಿಕ್ಕಿನ ಜಾರ್ಜಿಯಾ ಮೆಲೋನಿ ಅವರ ಪಕ್ಷ ಹೊರಗೆ ಉಳಿಯಿತು. 2022ರಲ್ಲಿ ಲೇಗಾ ಶೇ 9ಕ್ಕಿಂತ ಕೆಳಗೆ, 2018ರಲ್ಲಿ ಬರೀ ಶೇ 4.4 ಇದ್ದ ಮೆಲೋನಿ ಅವರ ಪಕ್ಷ ಶೇ 26. ಫಿನ್ಲೆಂಡಿನ ಫಿನ್ಸ್ ಪಕ್ಷ 2017ರಲ್ಲಿ ಒಡೆದಾಗ ಸರ್ಕಾರದಲ್ಲಿ ಉಳಿದ ಬಣಕ್ಕೆ 2019ರಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ಹೊರಗೆ ಬಂದ ಬಣ ಶೇ 17.5 ಮತ ಉಳಿಸಿಕೊಂಡಿತು. ಸ್ಪೇನಿನ ಎಡಪಂಥೀಯ ಪೊಡೆಮೋಸ್ ಕೂಡ 2020ರಲ್ಲಿ ಸರ್ಕಾರದ ಕಿರಿಯ ಪಾಲುದಾರನಾದ ಮೇಲೆ ಸೊರಗಿತು.

ಹಾಗಾದರೆ ಹಂಚಿಕೊಳ್ಳುವ ದಾರಿಯಿಂದ ಏನು ಲಾಭ? ಒಂದು ನಿರ್ದಿಷ್ಟ ಪಕ್ಷವನ್ನೋ ನಾಯಕರನ್ನೋ ಅದು ಕುಗ್ಗಿಸಬಹುದು. ದೊಡ್ಡ ಪಕ್ಷ ಚುರುಕಾಗಿದ್ದರೆ ಆ ಮತವನ್ನು ಒಂದು ಅವಧಿಗೆ ತನ್ನದಾಗಿಸಿಕೊಳ್ಳಬಹುದು. ಆದರೆ ಹೊರಗೆ ಇನ್ನೊಂದು ಪ್ರತಿಭಟನೆಯ ಪಕ್ಷ ಕಾದಿದ್ದರೆ ಮತ ನೇರ ಅಲ್ಲಿಗೆ ಹೋಗುತ್ತದೆ. ಅಂಥ ಪಕ್ಷ ಇದೆಯಾ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಡಿಕೊಳ್ಳಬೇಕು.

ಬಾಹ್ಯ ಬೆಂಬಲ

ಮಂತ್ರಿಗಿರಿ ಕೊಡುವುದಿಲ್ಲ, ಸದನದಲ್ಲಿ ಮತ ಮಾತ್ರ ಬೇಕು. ಮಧ್ಯದ ದಾರಿಯಂತೆ ಕಾಣುತ್ತದೆ ಅಲ್ವಾ? ಲಾಭದ ಹೆಚ್ಚಿನ ಪಾಲು ಮಾತ್ರ ಹೊರಗಿನವರಿಗೇ ಹೋಗುತ್ತದೆ. ಡೆನ್ಮಾರ್ಕಿನಲ್ಲಿ ವಲಸೆ ವಿರೋಧಿ ಡ್ಯಾನಿಶ್ ಪೀಪಲ್ಸ್ ಪಕ್ಷ 2001ರಿಂದ 2011ರವರೆಗೆ ಹೀಗೆ ಬೆಂಬಲ ಕೊಟ್ಟಿತು. ವಲಸೆ ಕಾನೂನುಗಳು ಅದರ ಒತ್ತಾಯದಂತೆ ಬಿಗಿಯಾದವು. ಸರ್ಕಾರದ ತಪ್ಪಿಗೆ ಮಾತ್ರ ಅದು ಹೊಣೆಯಾಗಲಿಲ್ಲ. 2015ರಲ್ಲಿ ಶೇ 21 ಮತ ಪಡೆದು ಎರಡನೇ ದೊಡ್ಡ ಪಕ್ಷವಾಯಿತು.

ಸ್ವೀಡನ್ನಿನಲ್ಲಿ ಮೊದಲು ಗೋಡೆ ಇತ್ತು. ಅಂಥದೇ ನಿಲುವಿನ ಸ್ವೀಡನ್ ಡೆಮೊಕ್ರಾಟ್ಸ್ ಪಕ್ಷ 2010ರಲ್ಲಿ ಶೇ 5.7 ಮತದೊಂದಿಗೆ ಸಂಸತ್ತಿಗೆ ಬಂತು. 2018ರಲ್ಲಿ ಶೇ 17.5 ಆದಾಗ ಅದನ್ನು ಬಿಟ್ಟು ಸರ್ಕಾರ ಕಟ್ಟಲು ನಾಲ್ಕು ತಿಂಗಳಿಗೂ ಜಾಸ್ತಿ ಹಿಡಿಯಿತು. ನಾಲ್ಕು ಮಧ್ಯ-ಬಲ ಪಕ್ಷಗಳ ಹಳೆಯ ಕೂಟ ಒಡೆಯಿತು. 2022ರಲ್ಲಿ ಆ ಪಕ್ಷ ಶೇ 20.5 ಪಡೆದು ಪ್ರಧಾನಿಯಾಗಲಿದ್ದ ಉಲ್ಫ್ ಕ್ರಿಸ್ಟರ್ಸನ್ ಅವರ ಮಾಡರೇಟ್ ಪಕ್ಷವನ್ನೇ ಹಿಂದೆ ಹಾಕಿತು. ಆಗ ತಿಡೋ ಒಪ್ಪಂದವಾಯಿತು. ಕ್ರಿಸ್ಟರ್ಸನ್ ಪ್ರಧಾನಿಯಾದರು, ಸ್ವೀಡನ್ ಡೆಮೊಕ್ರಾಟ್ಸ್ ಪಕ್ಷಕ್ಕೆ ಮಂತ್ರಿಗಳಿಲ್ಲ, ಆದರೆ ನೀತಿಯ ಮೇಲೆ ದೊಡ್ಡ ಹಿಡಿತ ಸಿಕ್ಕಿತು. ಸೆಂಟರ್ ಪಕ್ಷ ಈ ಕಾರಣಕ್ಕೇ ಇನ್ನೊಂದು ಬದಿಗೆ ಹೋಗಿತ್ತು. ಮುಚ್ಚಿಕೊಳ್ಳುವ ಬಾಗಿಲು ಎಂದು ಹೇಳಿದೆನಲ್ಲ, ಅದು ಇದೇ.

ಸ್ಪೇನಿನಲ್ಲಿ ಈ ಬಾಗಿಲು ಇನ್ನೂ ಜೋರಾಗಿ ಬಡಿಯಿತು. 2023ರ ಮೇ ತಿಂಗಳ ಪ್ರಾದೇಶಿಕ ಚುನಾವಣೆಯ ನಂತರ ಮಧ್ಯ-ಬಲದ ಪೀಪಲ್ಸ್ ಪಾರ್ಟಿ ವೇಲೆನ್ಸಿಯಾದಂಥ ಕಡೆ ತೀವ್ರ ಬಲದ ವಾಕ್ಸ್ ಜೊತೆ ಮೈತ್ರಿ ಮಾಡಿಕೊಂಡಿತು. ಜುಲೈಯ ರಾಷ್ಟ್ರೀಯ ಚುನಾವಣೆಯಲ್ಲಿ ಅದಕ್ಕೆ 137 ಸ್ಥಾನ ಬಂದು ಮೊದಲನೆಯದಾಯಿತು. ವಾಕ್ಸ್‌ನ 33 ಕೂಡಿದರೆ 170. ಬೇಕಾಗಿದ್ದು 176. ಕೊರತೆ ತುಂಬಲು ಬಾಸ್ಕ್ ಪ್ರದೇಶದ ರಾಷ್ಟ್ರವಾದಿಗಳ ಬಾಗಿಲು ತಟ್ಟಿದರೆ, ವಾಕ್ಸ್ ಇರುವ ಕಡೆ ಬರುವುದಿಲ್ಲ ಎಂದರು. ಎರಡನೇ ಸ್ಥಾನದಲ್ಲಿದ್ದ ಸೋಷಲಿಸ್ಟ್ ಪಕ್ಷದ ಪೆಡ್ರೊ ಸ್ಯಾಂಚೆಜ್ ನವೆಂಬರಿನಲ್ಲಿ 179 ಮತಗಳೊಂದಿಗೆ ಮತ್ತೆ ಪ್ರಧಾನಿಯಾದರು. ಸಣ್ಣ ಪ್ರಾದೇಶಿಕ ಪಕ್ಷಗಳ ಬೆಂಬಲವಿಲ್ಲದೆ ನಿಮಗೆ ಬಹುಮತ ಸಾಧ್ಯವಿಲ್ಲ ಎಂದಾದರೆ, ಬಾಹ್ಯ ಬೆಂಬಲ ಅಗ್ಗದ ದಾರಿ ಅಂತ ಎಣಿಸಬೇಡಿ.

ಅವರ ಮಾತನ್ನು ನಾವೇ ಆಡುವುದು

ಪಕ್ಷವನ್ನು ದೂರ ಇಟ್ಟು ಅದರ ವಿಷಯವನ್ನು ಎತ್ತಿಕೊಳ್ಳುವ ದಾರಿ ಇದು. ಡೆನ್ಮಾರ್ಕಿನ ಸೋಷಿಯಲ್ ಡೆಮೊಕ್ರಾಟ್ ನಾಯಕಿ ಮೆಟ್ಟೆ ಫ್ರೆಡರಿಕ್ಸನ್ ವಲಸೆಯಲ್ಲಿ ಬಿಗಿ ನಿಲುವು ತೆಗೆದುಕೊಂಡು 2019ರಲ್ಲಿ ಗೆದ್ದರು. ಡ್ಯಾನಿಶ್ ಪೀಪಲ್ಸ್ ಪಕ್ಷ ಶೇ 8.7ಕ್ಕೆ, 2022ರಲ್ಲಿ ಶೇ 2.6ಕ್ಕೆ ಬಿತ್ತು. ಇದನ್ನು ನೋಡಿ ಹಲವು ದೇಶಗಳ ಎಡಪಕ್ಷಗಳು ಆಸೆಪಟ್ಟವು. ಒಳಗಿನ ಲೆಕ್ಕ ಅಷ್ಟು ಸರಳವಲ್ಲ. 2019ರಲ್ಲಿ ಫ್ರೆಡರಿಕ್ಸನ್ ಅವರ ಸ್ವಂತ ಪಕ್ಷದ ಮತ ಹಿಂದಿನ ಸಲಕ್ಕಿಂತ ಸ್ವಲ್ಪ ಕಡಿಮೆಯೇ ಆಗಿತ್ತು, ಶೇ 25.9. ಬಿಗಿ ನಿಲುವು ಇಷ್ಟವಾಗದವರು ಪಕ್ಕದ ಎಡ ಮತ್ತು ಉದಾರವಾದಿ ಪಕ್ಷಗಳಿಗೆ ಹೋದರು. ಅವು ಅದೇ ಕೂಟದಲ್ಲಿ ಇದ್ದಿದ್ದರಿಂದ ಒಟ್ಟು ಮೊತ್ತ ಉಳಿಯಿತು. ಹತ್ತಾರು ಪಕ್ಷಗಳಿರುವ, ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗುವ ವ್ಯವಸ್ಥೆಯಲ್ಲಿ ಮಾತ್ರ ಇದು ಸಾಧ್ಯ. 2022ರಲ್ಲಿ ಆ ಕಡೆಯ ಮತದಾರರಲ್ಲಿ ಹಲವರು ಡೆನ್ಮಾರ್ಕ್ ಡೆಮೊಕ್ರಾಟ್ಸ್ ಎಂಬ ಹೊಸ ಪಕ್ಷ ಹಿಡಿದರು, ಅದಕ್ಕೆ ಶೇ 8.1 ಬಂತು. ಪಶ್ಚಿಮ ಯುರೋಪಿನ ಹಲವು ಚುನಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರೂ, ನಕಲು ಮಾಡುವುದರಿಂದ ತೀವ್ರ ಬಲಪಕ್ಷದ ಮತ ಕಡಿಮೆಯಾಗುವುದಕ್ಕೆ ಪುರಾವೆ ಕಂಡಿಲ್ಲ.

ಈ ದಾರಿಯನ್ನು ಕೊನೆಯವರೆಗೂ ನಡೆದದ್ದು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ. 2015ರಲ್ಲಿ ಯುರೋಪಿಯನ್ ಒಕ್ಕೂಟ ಬಿಡಬೇಕು ಎನ್ನುತ್ತಿದ್ದ ಯುಕಿಪ್ ಪಕ್ಷ ಶೇ 12.6 ಮತ ಪಡೆದರೂ ಗೆದ್ದದ್ದು ಒಂದೇ ಸ್ಥಾನ. ಆದರೂ ಅದರ ಭಯಕ್ಕೆ ಜನಮತಗಣನೆಯ ಭರವಸೆ ಬಂದಿತ್ತು. 2016ರಲ್ಲಿ ಶೇ 51.9 ಜನ ಒಕ್ಕೂಟ ಬಿಡೋಣ ಎಂದರು. 2019ರ ಡಿಸೆಂಬರ್‌ನಲ್ಲಿ ಬೋರಿಸ್ ಜಾನ್ಸನ್ ಆ ಮತದ ಬಹುಪಾಲನ್ನು ನುಂಗಿ 365 ಸ್ಥಾನ ಗೆದ್ದರು. ಬೋಲ್ಸೋವರ್ ಬಂದದ್ದು ಆಗಲೇ. ಐದು ವರ್ಷ ಬಿಟ್ಟು ನೋಡಿದರೆ ಎರಡೂ ಬಾಗಿಲು ತೆರೆದಿದ್ದವು. 2024ರಲ್ಲಿ ಉತ್ತರದ ಹೊಸ ಮತದಾರರು ಲೇಬರ್‌ಗೂ ಯುಕಿಪ್ ದಿಕ್ಕಿನ ರಿಫಾರ್ಮ್ ಪಕ್ಷಕ್ಕೂ ಹೋದರು, ದಕ್ಷಿಣದ ಹಳೆಯ ಓದಿದ ಮತದಾರರು ಲಿಬರಲ್ ಡೆಮೊಕ್ರಾಟರ ಕಡೆ ಹೋದರು. 121 ಸ್ಥಾನ, ಆ ಪಕ್ಷದ ಇತಿಹಾಸದಲ್ಲೇ ಕಡಿಮೆ. ಅಮೆರಿಕದಲ್ಲಿ ಇದೇ ಕೆಲಸ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರೈಮರಿ ಚುನಾವಣೆಯ ಮೂಲಕ ಒಳಗಿನಿಂದ ಆಯಿತು. ಎರಡೇ ಪಕ್ಷಗಳಿರುವ ಕಡೆ ಗೋಡೆಯನ್ನು ಪಕ್ಷದ ಒಳಗೇ ಕಟ್ಟಬೇಕು. ಟಿಕೆಟ್ ಕೊಡುವುದು ನಾಯಕರ ಕೈಯಲ್ಲಿ ಇಲ್ಲದಿದ್ದರೆ ಅದನ್ನು ಕಟ್ಟುವವರೇ ಇರುವುದಿಲ್ಲ.

ಎಲ್ಲರೂ ಒಂದಾಗಿ ಎದುರಿಸುವುದು

ಪಾಪ್ಯುಲಿಸ್ಟರು ಈಗಾಗಲೇ ಅಧಿಕಾರದಲ್ಲಿದ್ದರೆ ಮೇಲಿನ ಯಾವ ದಾರಿಯೂ ಉಳಿಯುವುದಿಲ್ಲ. ಆಗ ವಿರೋಧ ಪಕ್ಷಗಳು ಹೇಗೆ ಸೇರಬೇಕು ಎನ್ನುವುದೇ ಪ್ರಶ್ನೆ. ಹಂಗೇರಿಯಲ್ಲಿ 2022ರಲ್ಲಿ ಆರು ಪಕ್ಷಗಳು ಒಂದೇ ಪಟ್ಟಿಯಲ್ಲಿ ಸ್ಪರ್ಧಿಸಿದವು. ಎಡದವರ ಜೊತೆ ಹಿಂದೊಮ್ಮೆ ತೀವ್ರ ಬಲದಲ್ಲಿದ್ದ ಯೊಬ್ಬಿಕ್ ಕೂಡ ಇತ್ತು. ಸುಮಾರು ಶೇ 34 ಮತ ಬಂತು, ವಿಕ್ಟರ್ ಓರ್ಬಾನ್ ಅವರ ಪಕ್ಷ ಶೇ 54 ಪಡೆಯಿತು. ಪೋಲೆಂಡಿನಲ್ಲಿ 2023ರಲ್ಲಿ ವಿರೋಧ ಪಕ್ಷಗಳು ಮೂರು ಬೇರೆ ಬೇರೆ ಪಟ್ಟಿಗಳಲ್ಲಿ ನಿಂತವು, ಫಲಿತಾಂಶದ ನಂತರ ಸೇರಿದವು. ಆಳುವ ಪಕ್ಷ ಶೇ 35.4 ಪಡೆದು ಮೊದಲ ಸ್ಥಾನದಲ್ಲಿದ್ದರೂ 460ರಲ್ಲಿ 248 ಸ್ಥಾನ ವಿರೋಧಿಗಳ ಪಾಲಾಯಿತು. ಮತದಾನ ಶೇ 74 ದಾಟಿತ್ತು. ಸಾಂಪ್ರದಾಯಿಕ ಮನಸ್ಸಿನ ಮತದಾರರಿಗೆ ಥರ್ಡ್ ವೇ ಎಂಬ ತಮಗೆ ಒಗ್ಗುವ ಪಟ್ಟಿ ಇತ್ತು, ಎಡದವರನ್ನು ಮೆಚ್ಚಿಕೊಳ್ಳಬೇಕಾಗಿರಲಿಲ್ಲ. ಹಂಗೇರಿಯ 199 ಸ್ಥಾನಗಳಲ್ಲಿ 106 ಒಬ್ಬರೇ ಗೆಲ್ಲುವ ಕ್ಷೇತ್ರಗಳು. ಅಲ್ಲಿ ಬೇರೆ ಬೇರೆ ನಿಲ್ಲುವುದೂ ಕಷ್ಟವಿತ್ತು. ಫ್ರಾನ್ಸಿನ ಎರಡು ಸುತ್ತಿನ ವ್ಯವಸ್ಥೆಯಲ್ಲಿ ಮೂರನೆಯದೇ ಒಂದು ದಾರಿ ಇದೆ. 2024ರಲ್ಲಿ ಮೊದಲ ಸುತ್ತಿನ ನಂತರ 200ಕ್ಕೂ ಹೆಚ್ಚು ಅಭ್ಯರ್ಥಿಗಳು ಲ ಪೆನ್ ಪಕ್ಷದ ವಿರುದ್ಧದ ಮತ ಒಡೆಯಬಾರದೆಂದು ಕಣದಿಂದ ಹಿಂದೆ ಸರಿದರು. ಮುಂದಿದ್ದ ಆ ಪಕ್ಷ ಗೆದ್ದ ಸೀಟುಗಳ ಲೆಕ್ಕದಲ್ಲಿ ಮೂರನೇ ಸ್ಥಾನಕ್ಕೆ ಬಂತು. ಆದರೆ ತಡೆಯಲು ಒಂದಾದವರು ಆಳಲು ಒಂದಾಗಲಿಲ್ಲ. ಡಿಸೆಂಬರಿನಲ್ಲಿ ಪ್ರಧಾನಿ ಮಿಶೆಲ್ ಬಾರ್ನಿಯೆ ಅವರ ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ ಬಿತ್ತು.

ಮತದಾರರ ಬದುಕಿಗೆ ಉತ್ತರ ಕೊಡುವುದು

ಕೆಲಸ, ಮನೆ, ಆಸ್ಪತ್ರೆ, ಬಸ್ಸು. ಹೇಳಲು ಇದೇ ಸರಿ, ಮಾಡಲು ಇದೇ ನಿಧಾನ. ಜೋ ಬೈಡನ್ ಸರ್ಕಾರ 2022ರಲ್ಲಿ ಚಿಪ್ ಕಾರ್ಖಾನೆ, ಬ್ಯಾಟರಿ, ಹಸಿರು ಇಂಧನಕ್ಕೆ ದೊಡ್ಡ ಹಣ ಇಡುವ ಕಾನೂನುಗಳನ್ನು ತಂದಿತು. ಕಾರ್ಖಾನೆಗಳು ಎದ್ದು ಕೆಲಸ ಶುರುವಾಗಲು ವರ್ಷಗಳು ಬೇಕು. ಬೆಲೆ ಏರಿಕೆಯಾದರೋ ಆಗಲೇ ಮನೆ ಬಾಗಿಲಿಗೆ ಬಂದಿತ್ತು, 2022ರ ಜೂನ್‌ನಲ್ಲಿ ಶೇ 9.1. 2024ರಲ್ಲಿ ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಮೂರೂ ಟ್ರಂಪ್ ಕಡೆ ಹೋದವು. ಪೋಲೆಂಡಿನಲ್ಲಿ ಬೇರೆ ಥರ. 2016ರಲ್ಲಿ ಅಲ್ಲಿನ ಪಾಪ್ಯುಲಿಸ್ಟ್ ಸರ್ಕಾರ ಎರಡನೇ ಮಗುವಿನಿಂದ ತಿಂಗಳಿಗೆ 500 ಜ್ಲೋಟಿ ಕೊಡಲು ಶುರು ಮಾಡಿತು. ಅದು ಕೈಗೆ ಸಿಗುವ ಹಣ, ಯಾರು ಕೊಟ್ಟರು ಎಂದೂ ಗೊತ್ತಾಗುತ್ತದೆ. ಆಮೇಲೆ ಬಂದ ವಿರೋಧಿಗಳೂ ಅದನ್ನು ತೆಗೆಯಲು ಹೋಗಲಿಲ್ಲ. ಹಾಗಾಗಿ ಈ ದಾರಿ ಹಿಡಿಯುವವರು ಒಂದು ನಿಧಾನದ ಕೆಲಸದ ಜೊತೆಗೆ ತಕ್ಷಣ ಕಣ್ಣಿಗೆ ಕಾಣುವ ಒಂದನ್ನೂ ಇಟ್ಟುಕೊಳ್ಳಬೇಕು. ಒಂದೇ ಅವಧಿಯಲ್ಲಿ ಫಲ ಬೇಕು ಎನ್ನುವವರಿಗೆ ಇದೊಂದೇ ಸಾಲುವುದಿಲ್ಲ.

ಯಾರಿಗೆ ಯಾವುದು

ನಿಮ್ಮದು ಸಣ್ಣ ಮಧ್ಯಮ ಪಕ್ಷವೇ? ಪಾಪ್ಯುಲಿಸ್ಟರ ಜೊತೆ ಕಿರಿಯ ಪಾಲುದಾರನಾಗಿ ಹೋಗಬೇಡಿ. ಡಚ್ ಎನ್‌ಎಸ್‌ಸಿಯ 20ರಿಂದ ಸೊನ್ನೆಯ ಲೆಕ್ಕ ಕಣ್ಣ ಮುಂದಿದೆ. ಗೋಡೆಯ ಈಚೆ ಉಳಿದು ಒಂದೆರಡು ವಿಷಯಗಳಲ್ಲಿ ಗಟ್ಟಿಯಾಗಿ ನಿಲ್ಲುವುದು ನಿಮಗೆ ಕಡಿಮೆ ಅಪಾಯದ್ದು.

ದೊಡ್ಡ ಮಧ್ಯ-ಬಲ ಪಕ್ಷಕ್ಕೆ ಆಮಿಷ ಜಾಸ್ತಿ, ಏಕೆಂದರೆ ಲೆಕ್ಕ ಸುಲಭವಾಗಿ ಕೂಡುತ್ತದೆ. ಎದುರಿನ ಪಕ್ಷ ನಿಯಮಗಳನ್ನು ಒಪ್ಪುತ್ತದೆ, ಅದರಾಚೆ ಇನ್ನೊಂದು ಪ್ರತಿಭಟನೆಯ ಪಕ್ಷ ಇಲ್ಲ, ಗೃಹ ಮತ್ತು ನ್ಯಾಯ ಖಾತೆ ನಿಮ್ಮ ಕೈಯಲ್ಲೇ ಇರುತ್ತದೆ. ಈ ಮೂರೂ ನಿಜವಾದರೆ ಮಾತ್ರ ಅಧಿಕಾರ ಹಂಚಿಕೆಯನ್ನು ಯೋಚಿಸಬಹುದು. ಒಂದು ತಪ್ಪಿದರೂ ಗೋಡೆಯೇ ಮೇಲು. ಆದರೆ ಆ ಮತದಾರರು ನಿಮ್ಮ ಕಡೆ ಬರಲು ಒಂದು ಬಾಗಿಲನ್ನೂ ಇಡಬೇಕು. ಬಾಹ್ಯ ಬೆಂಬಲವನ್ನು ನಾನು ಕೊನೆಗೆ ಇಡುತ್ತೇನೆ. ಹೊಣೆ ನಿಮ್ಮದು, ಬೆಳೆ ಅವರದು ಎನ್ನುವಂತಾಗುತ್ತದೆ.

ಮಧ್ಯ-ಎಡ ಪಕ್ಷಕ್ಕೆ ಮೊದಲು ನೋಡಬೇಕಾದ್ದು ಚುನಾವಣಾ ವ್ಯವಸ್ಥೆ. ನಿಮ್ಮಿಂದ ಹೊರಟವರು ನಿಮ್ಮದೇ ಕೂಟದ ಇನ್ನೊಂದು ಪಕ್ಷಕ್ಕೆ ಹೋಗುವಂತಿದ್ದರೆ ಡೆನ್ಮಾರ್ಕಿನ ದಾರಿಯನ್ನು ಪರೀಕ್ಷಿಸಬಹುದು. ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುವ ಕ್ಷೇತ್ರಗಳಾದರೆ ಅದು ಎರಡು ಕಡೆಯಿಂದಲೂ ಸೋರುತ್ತದೆ. ಅಂಥಲ್ಲಿ ಬದುಕಿನ ಪ್ರಶ್ನೆಗಳ ಮೇಲೆ ಎರಡು ಚುನಾವಣೆಯಷ್ಟು ತಾಳ್ಮೆ ಇಡಬೇಕು.

ನೀವು ಬರೀ ಮತದಾರರಾಗಿದ್ದರೆ, ನಿಮ್ಮ ಪಕ್ಷ ಮತದಾನಕ್ಕೆ ಮೊದಲೇ ಯಾರ ಜೊತೆ ಹೋಗುತ್ತೇನೆ, ಯಾರ ಜೊತೆ ಹೋಗುವುದಿಲ್ಲ ಎಂದು ಹೇಳಿದೆಯಾ ನೋಡಿ. ಹೇಳದಿದ್ದರೆ ಅಭ್ಯರ್ಥಿಯನ್ನು ನೇರವಾಗಿ ಕೇಳಿ. ಒಪ್ಪಂದ ಆದ ಮೇಲೆ ಅದರ ಪ್ರತಿ ಸಾಮಾನ್ಯವಾಗಿ ಸಾರ್ವಜನಿಕವಾಗಿ ಸಿಗುತ್ತದೆ. ಮೊದಲ ಪುಟದ ಆದರ್ಶದ ಮಾತುಗಳನ್ನು ದಾಟಿ ಮೂರು ಕಡೆ ಬೆರಳಿಟ್ಟು ಓದಿ. ಗೃಹ ಖಾತೆ ಯಾರಿಗೆ, ನ್ಯಾಯಾಧೀಶರ ನೇಮಕದ ಬಗ್ಗೆ ಏನು ಬರೆದಿದೆ, ಸರ್ಕಾರಿ ಟಿವಿ ಮತ್ತು ರೇಡಿಯೊದ ಹಣ ಯಾರ ಕೈಯಲ್ಲಿ.